ಮೊದಲು ಹೇಳಿ, ಎಷ್ಟು ಕಡೆ ಹುಡುಕಿದಿರಿ?

ಜೂನ್ ತಿಂಗಳ ಒಂದು ಸಂಜೆ ಮಳೆ ಹಿಡಿದಿತ್ತು. ಮೇಖ್ರಿ ವೃತ್ತದ ವಾಹನ ದಟ್ಟಣೆ ಇಳಿಯಲಿ ಎಂದು ನಾನು ಕೋಣೆಯಲ್ಲೇ ಕುಳಿತಿದ್ದೆ. ನ್ಯೂಟ್ರಾನ್ ನಕ್ಷತ್ರಗಳ ಕ್ಷ-ಕಿರಣದಲ್ಲಿ ಲಯ ಹುಡುಕುವ ಬೇಸಿಗೆ ಪ್ರಾಜೆಕ್ಟಿಗೆ ಬಂದಿದ್ದ ಎಂ.ಎಸ್‌ಸಿ. ಹುಡುಗಿಯೊಬ್ಬಳು ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಬಿಂದಿಗೆ ತರುವವಳ ಹಾಗೆ ಹುಷಾರಾಗಿ ನಡೆದು ಬಂದಳು. "ಮೇಡಂ, ಸಿಕ್ಕಿತು. 543 ಹರ್ಟ್ಜ್." ಅಂದರೆ ಸೆಕೆಂಡಿಗೆ 543 ಸಲ ಮರುಕಳಿಸುವ ಲಯ. ಪರದೆಯ ತುಂಬ ಹುಲ್ಲಿನಂತೆ ಗದ್ದಲ, ನಡುವೆ ಒಂಟಿ ತೆಂಗಿನ ಮರದಂತೆ ಒಂದು ಪೀಕ್. ಅದರ ಎತ್ತರ 34. "ಇದು ಆಕಸ್ಮಿಕವಾಗಿ ಬರುವ ಸಾಧ್ಯತೆ 2.4 ಕೋಟಿಗೆ ಒಂದು. ಎರಡು ಸಲ ಲೆಕ್ಕ ಹಾಕಿದ್ದೇನೆ. ಅಮ್ಮನಿಗೂ ಫೋನ್ ಮಾಡಿ ಹೇಳಿಬಿಟ್ಟೆ."

ಅವಳು ಹಾಕಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದರಿಂದ ತೆಗೆದ ತೀರ್ಮಾನ ತಪ್ಪು. ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಇಂಥ ಪೀಕ್ ಬೇರೆ ಬೇರೆಯವರ ಕೈಯಲ್ಲಿ ನನ್ನ ಮೇಜಿಗೆ ಬರುತ್ತದೆ. ಕೆಲವೊಮ್ಮೆ ಪ್ರಬಂಧದ ಕರಡಾಗಿಯೇ ಬರುತ್ತದೆ, ಬರೆದವರು ಹೊಸಬರೇನೂ ಆಗಿರುವುದಿಲ್ಲ. ಆಗ ನನಗೆ ಸಿಟ್ಟು ಬರುತ್ತದೆ. ವಿದ್ಯಾರ್ಥಿಗಳ ಮೇಲೆ ಬರುವುದಿಲ್ಲ.

ನ್ಯೂಟ್ರಾನ್ ನಕ್ಷತ್ರ ಎಂದರೇನು ಎಂದು ಇಲ್ಲಿ ವಿವರಿಸುವುದಿಲ್ಲ. ಸೂರ್ಯನಿಗಿಂತ ಹೆಚ್ಚು ದ್ರವ್ಯರಾಶಿ, ಕೆಂಗೇರಿಯಿಂದ ಯಲಹಂಕದಷ್ಟು ಅಗಲದ ಒಂದು ಉಂಡೆಯಲ್ಲಿ ಅಡಗಿ ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತಿದೆ ಎಂದುಕೊಂಡರೆ ಸಾಕು. ಜೊತೆಗಾರ ನಕ್ಷತ್ರದಿಂದ ಸೆಳೆದ ಅನಿಲ ಕಾಂತಧ್ರುವಗಳ ಮೇಲೆ ಸುರಿದಾಗ ಆ ಜಾಗ ಕಾದು ಕ್ಷ-ಕಿರಣ ಹೊಮ್ಮುತ್ತದೆ. ಸುತ್ತಿಗೊಮ್ಮೆ ನಮ್ಮತ್ತ ಮುಖ ಮಾಡುತ್ತದೆ. ಹೀಗೆ ಲಯಬದ್ಧವಾಗಿ ಮಿನುಗುವ ನಕ್ಷತ್ರವೇ ಪಲ್ಸಾರ್. (ಎಲ್ಲ ಪಲ್ಸಾರ್‌ಗಳೂ ಹೀಗಲ್ಲ. ನಾನು ಹೇಳುತ್ತಿರುವುದು ಈ ಬಗೆಯವುಗಳನ್ನು ಮಾತ್ರ.) ಆದರೆ ನಮಗೆ ಮಿನುಗು ಕಾಣುವುದಿಲ್ಲ, ಸಿಗುವುದು ಫೋಟಾನ್‌ಗಳು ಬಂದಿಳಿದ ಹೊತ್ತಿನ ಪಟ್ಟಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಲ್ಯಾಕ್ಸ್‌ಪಿಸಿ ಉಪಕರಣ ಒಂದೊಂದು ಫೋಟಾನಿನ ಹೊತ್ತನ್ನೂ 10 ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ಗುರುತು ಹಾಕಿಟ್ಟಿದೆ. ಆ ದತ್ತಾಂಶ ಇಲ್ಲೇ ಬ್ಯಾಲಾಳಿನ ಇಸ್ರೋ ಕೇಂದ್ರದಿಂದ ನಮ್ಮ ಕೈಗೆ ಬರುತ್ತದೆ. ಪಟ್ಟಿಯಲ್ಲಿ ಯಾವ ಲಯ ಅಡಗಿದೆ ಎಂದು ನೋಡಲು ಪವರ್ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಬಲವಿದೆ ಎಂಬ ನಕ್ಷೆ, ತೆಗೆಯುತ್ತೇವೆ. ಅಲ್ಲಿಂದಲೇ ತೊಂದರೆ ಶುರು.

1,000 ಸೆಕೆಂಡುಗಳ ದತ್ತಾಂಶವನ್ನು 2,000 ಹರ್ಟ್ಜ್‌ವರೆಗೆ ಜಾಲಾಡಿದರೆ, 0.001 ಹರ್ಟ್ಜ್‌ಗೆ ಒಂದರಂತೆ 20 ಲಕ್ಷ ಆವರ್ತನಗಳಾಗುತ್ತವೆ. ನಾವು ಬಳಸುವ ಅಳತೆಯಲ್ಲಿ ಬರಿಯ ಗದ್ದಲದ ಸರಾಸರಿ ಎತ್ತರ 2. ಮೊದಲೇ ಆರಿಸಿಕೊಂಡ ಒಂದೇ ಒಂದು ಆವರ್ತನದಲ್ಲಿ ಗದ್ದಲ ತಾನಾಗಿ 34ಕ್ಕೆ ಏರುವ ಸಾಧ್ಯತೆ 2.4 ಕೋಟಿಗೆ ಒಂದು, ನಿಜ. ಆದರೆ ನೀವು ಒಂದನ್ನೇ ನೋಡಲಿಲ್ಲ. 20 ಲಕ್ಷವನ್ನು ನೋಡಿ, ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು ಹೆಕ್ಕಿ ತಂದಿರಿ.

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬಂದವರಲ್ಲಿ ಸುಮಾರು 33 ಸಾವಿರ ಜನರ ಕೈಗೆ ಒಂದೊಂದು ನಾಣ್ಯ ಕೊಟ್ಟು, ತಲಾ 15 ಸಲ ಚಿಮ್ಮಲು ಹೇಳಿ. ಸರಾಸರಿ ಒಬ್ಬರಿಗೆ ಹದಿನೈದೂ ಸಲ ತಲೆಯೇ ಬೀಳುತ್ತದೆ. ಆ ಒಬ್ಬರನ್ನು ಜನಜಂಗುಳಿಯಿಂದ ಎಬ್ಬಿಸಿ ತಂದು "ಇವರ ನಾಣ್ಯದಲ್ಲಿ ಏನೋ ಇದೆ" ಎಂದರೆ ಯಾರೂ ಒಪ್ಪುವುದಿಲ್ಲ. ಪರಿಷೆಗೆ ಹೋಗುವ ಮೊದಲೇ ನನ್ನ ಅತ್ತೆಯ ಹೆಸರು ಹೇಳಿ, ಅಲ್ಲಿ ಅವರೇ ಹದಿನೈದು ಸಲ ತಲೆ ಬೀಳಿಸಿದರೆ ನಾನು ಖಂಡಿತ ಆ ನಾಣ್ಯವನ್ನು ತಿರುಗಿಸಿ ನೋಡುತ್ತೇನೆ.

ಇಷ್ಟನ್ನು ಎಲ್ಲರೂ ತಲೆಯಾಡಿಸಿ ಒಪ್ಪುತ್ತಾರೆ. ಒಪ್ಪಿದವರೇ ಮತ್ತೆ ತಪ್ಪುವುದು ಲೆಕ್ಕಕ್ಕೆ ಹಿಡಿಯದ ಹುಡುಕಾಟಗಳಲ್ಲಿ. ಫೋಟಾನ್‌ಗಳ ಒಂದು ಶಕ್ತಿ ವ್ಯಾಪ್ತಿಯಲ್ಲಿ ಏನೂ ಕಾಣಲಿಲ್ಲ, ಇನ್ನೊಂದನ್ನು ನೋಡಿದಿರಿ. ದತ್ತಾಂಶವನ್ನು ತುಂಡು ಮಾಡಿದಿರಿ. ಜೋಡಿ ನಕ್ಷತ್ರದ ಚಲನೆಯಿಂದ ಲಯ ಕದಡುತ್ತದೆ ಎಂದು ಹತ್ತಾರು ಬಗೆಯ ವೇಗೋತ್ಕರ್ಷ ಊಹಿಸಿ ನೋಡಿದಿರಿ. ಇವೆಲ್ಲ ಮಾಡಬೇಕಾದ ಕೆಲಸಗಳೇ. ಆದರೆ ಪ್ರತಿಯೊಂದೂ ಹೊಸ ನಾಣ್ಯ. ನಿನ್ನೆ ನೋಡಿ ಏನೂ ಸಿಗದೆ ಅಳಿಸಿಹಾಕಿದ ಫೈಲೂ ಲೆಕ್ಕಕ್ಕೆ ಬರಬೇಕು. 20 ಲಕ್ಷ ಆವರ್ತನಗಳಲ್ಲಿ ಎಲ್ಲಾದರೂ ಬರಿಯ ಗದ್ದಲವೇ ಅಷ್ಟು ಏರುವ ಸಾಧ್ಯತೆ ಶೇ 1ಕ್ಕೆ ಇಳಿಯಬೇಕಾದರೆ ಪೀಕ್ 38 ದಾಟಬೇಕು. ಹುಡುಕಾಟ ಹೆಚ್ಚಿದಷ್ಟೂ ಈ ಗೆರೆ ಮೇಲೇರುತ್ತದೆ. ಉಪಕರಣದ ಸತ್ತ ಸಮಯ (ಒಂದು ಫೋಟಾನ್ ಎಣಿಸಿದ ಮೇಲೆ ಮುಂದಿನದನ್ನು ಎಣಿಸಲಾಗದ ಕ್ಷಣ) ಗದ್ದಲದ ಸರಾಸರಿಯನ್ನೇ 2ರಿಂದ ಕೆಳಗಿಳಿಸುತ್ತದೆಯಾದ್ದರಿಂದ ನನ್ನ ಈ ಅಂಕಿಗಳನ್ನೂ ಕಣ್ಣಂದಾಜು ಎಂದೇ ತೆಗೆದುಕೊಳ್ಳಿ.

ಇದು ಬರಿಯ ಶಿಸ್ತಿನ ಮಾತಲ್ಲ. 2007ರಲ್ಲಿ ಎಕ್ಸ್‌ಟಿಇ ಜೆ1739-285 ಎಂಬ ಆಕರದ (ಕ್ಷ-ಕಿರಣ ಹೊಮ್ಮುವ ನ್ಯೂಟ್ರಾನ್ ನಕ್ಷತ್ರದ) ಒಂದು ಕ್ಷ-ಕಿರಣ ಸ್ಫೋಟದಲ್ಲಿ 1,122 ಹರ್ಟ್ಜ್ ಲಯಕ್ಕೆ ಪುರಾವೆ ಇದೆ ಎಂಬ ವರದಿ ಬಂತು. ಈವರೆಗೆ ದೃಢಪಟ್ಟಿರುವ ಅತಿ ವೇಗದ ಪಲ್ಸಾರ್ ಸೆಕೆಂಡಿಗೆ 716 ಸುತ್ತಿನದು. 1,122 ನಿಜವಾಗಿದ್ದರೆ, ಅಷ್ಟು ತಿರುಗಿಯೂ ಚೂರಾಗದೆ ಉಳಿಯಲು ನಕ್ಷತ್ರ ಎಷ್ಟು ಚಿಕ್ಕದಿರಬೇಕು, ಅದರ ಒಡಲಿನ ವಸ್ತು ಎಂಥದು ಎಂಬ ವಾದಗಳೆಲ್ಲ ಬಿಗಿಯಾಗುತ್ತಿದ್ದವು. 2020ರಲ್ಲಿ ಅದೇ ಆಕರ ಮತ್ತೆ ಎಚ್ಚೆತ್ತಾಗ ನೈಸರ್ ದೂರದರ್ಶಕಕ್ಕೆ ಸಿಕ್ಕ ಲಯ ಸುಮಾರು 386 ಹರ್ಟ್ಜ್. 1,122ರ ಸುಳಿವಿರಲಿಲ್ಲ. ಮೊದಲು ವರದಿ ಮಾಡಿದವರು ತಲೆಬರಹದಲ್ಲೇ 'ಪುರಾವೆ' ಎಂದಷ್ಟೇ ಬರೆದಿದ್ದರು, 'ಪತ್ತೆ' ಎಂದು ಬರೆದಿರಲಿಲ್ಲ. ಆ ಪದದ ಆಯ್ಕೆಯನ್ನು ನಾನು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ನಿಜವಾದದ್ದು ಹೇಗಿರುತ್ತದೆ ಎಂದು ಕೇಳುತ್ತಾರೆ. ಅದಕ್ಕೆ ನಮ್ಮೂರಿನ ನಂಟೇ ಇದೆ. 1982ರಲ್ಲಿ 642 ಹರ್ಟ್ಜ್‌ನ ರೇಡಿಯೋ ಪಲ್ಸಾರ್ ಸಿಕ್ಕಿ ಎಲ್ಲರೂ ಬೆರಗಾಗಿದ್ದಾಗ, ಇಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ಅವರು, ಜೊತೆಗಾರನಿಂದ ಸುರಿದ ಅನಿಲವೇ ಮುದಿ ನಕ್ಷತ್ರವನ್ನು ಮತ್ತೆ ಬುಗುರಿಯಂತೆ ತಿರುಗಿಸಿರಬೇಕು ಎಂದು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಬೇರೆಡೆಯೂ ಅದೇ ವರ್ಷ ಇದೇ ವಿಚಾರ ಹೊಳೆದಿತ್ತು. ನೇರ ಸಾಕ್ಷಿಗೆ 1998ರವರೆಗೆ ಕಾಯಬೇಕಾಯಿತು: ಎಸ್‌ಎಎಕ್ಸ್ ಜೆ1808 ಎಂಬ ಆಕರದಲ್ಲಿ 401 ಹರ್ಟ್ಜ್. ಆ ಲಯ ಮತ್ತೆ ಮತ್ತೆ ಬಂತು. ಎರಡು ಗಂಟೆಯ ಕಕ್ಷೆಗೆ ತಕ್ಕಂತೆ ತುಸು ಏರಿತು, ತುಸು ಇಳಿಯಿತು. ಗದ್ದಲಕ್ಕೆ ಕಕ್ಷೆ ಇರುವುದಿಲ್ಲ. ಹಾಗೆಯೇ 4ಯು 1728-34 ಎಂಬ ಆಕರದ 363 ಹರ್ಟ್ಜ್ 1996ರಿಂದಲೇ ಗೊತ್ತಿತ್ತು. ನಮ್ಮ ಲ್ಯಾಕ್ಸ್‌ಪಿಸಿಯಲ್ಲೂ ಅದು ಕಂಡಿತು. ಎಲ್ಲಿ ನೋಡಬೇಕೆಂದು ಮೊದಲೇ ತಿಳಿದಿರುವಾಗ ಗಿಡ್ಡ ಪೀಕ್ ಕೂಡ ಬೆಲೆಯುಳ್ಳದ್ದು. ಅದು ಅತ್ತೆಯ ನಾಣ್ಯ.

ಆ ಸಂಜೆ ಹುಡುಗಿಯ ಮುಂದೆ ಕಾಗದ ಸರಿಸಿ, ಎಷ್ಟು ಕಡೆ ಹುಡುಕಿದೆ ಬರೆ ಎಂದೆ. ನಾಲ್ಕು ಶಕ್ತಿ ವ್ಯಾಪ್ತಿ, ಆರು ತುಂಡು, ತಲಾ 20 ಲಕ್ಷ. ಒಟ್ಟು 4.8 ಕೋಟಿ ಎಂದು ಬರೆದಳು. ಅದರ ಕೆಳಗೆ ತನ್ನದೇ 2.4 ಕೋಟಿ ಬರೆದು ಭಾಗಿಸಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು: "ಮೇಡಂ, ಹಾಗಾದರೆ ಇಂಥದ್ದು ಸರಾಸರಿ ಎರಡು ಇರಬೇಕು. ಇನ್ನೊಂದು ಎಲ್ಲಿ?" ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಐದನೆಯ ತುಂಡಿನಲ್ಲಿ, 1,711 ಹರ್ಟ್ಜ್ ಹತ್ತಿರ, ಇನ್ನೊಂದು ತೆಂಗಿನ ಮರ ನಿಂತಿತ್ತು.