‘ಸಮರ್ಥರ ಉಳಿವು’ ಯಾರ ಮಾತು?

ಪ್ರಶ್ನೆ: ‘ಸಮರ್ಥರ ಉಳಿವು’ ಡಾರ್ವಿನ್ನರ ಮಾತೆಂದು ಶಾಲೆಯಲ್ಲಿ ಕಲಿತಿದ್ದೆ, ಅದು ಹರ್ಬರ್ಟ್ ಸ್ಪೆನ್ಸರರದೆಂದು ಈಚೆಗೆ ಓದಿದೆ. ಯಾವುದು ಸರಿ? ಬಲವಿದ್ದವನು ಬದುಕಲಿ, ಇಲ್ಲದವನು ಅಳಿಯಲಿ ಎಂಬುದೇ ಅದರ ಅರ್ಥವೇ?

ಉತ್ತರ: ಮಾತು ಇಂಗ್ಲೆಂಡಿನ ತತ್ತ್ವಚಿಂತಕ ಸ್ಪೆನ್ಸರರದು. 1859ರಲ್ಲಿ ಪ್ರಕಟವಾದ ಡಾರ್ವಿನ್ನರ ಗ್ರಂಥದಲ್ಲಿ ಅದು ಇರಲಿಲ್ಲ. ಪರಿಸರಕ್ಕೆ ಒಗ್ಗಿದ ಜೀವಿಗಳೇ ಹೆಚ್ಚಾಗಿ ಉಳಿದು ಸಂತತಿ ಬೆಳೆಸುವುದನ್ನು ಡಾರ್ವಿನ್ನರು ‘ನಿಸರ್ಗದ ಆಯ್ಕೆ’ ಎಂದು ಕರೆದರು; ಅದಕ್ಕೆ ಇನ್ನೊಂದು ಹೆಸರಾಗಿ ಸ್ಪೆನ್ಸರರು 1864ರಲ್ಲಿ ತಮ್ಮ ಜೀವಶಾಸ್ತ್ರದ ಗ್ರಂಥದಲ್ಲಿ ಅದನ್ನು ಬಳಸಿದರು. ‘ಆಯ್ಕೆ’ ಎಂದೊಡನೆ ಆರಿಸುವವನೊಬ್ಬನಿದ್ದಾನೆಂದು ಜನ ತಪ್ಪು ತಿಳಿಯುತ್ತಾರೆಂದು ಕಂಡ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1866ರಲ್ಲಿ ಡಾರ್ವಿನ್ನರಿಗೆ ಪತ್ರ ಬರೆದು, ಸ್ಪೆನ್ಸರರ ಮಾತನ್ನೇ ಬಳಸುವಂತೆ ಸಲಹೆ ಕೊಟ್ಟರು. ಡಾರ್ವಿನ್ನರ ಗ್ರಂಥದ 1869ರ ಐದನೆಯ ಆವೃತ್ತಿಯಲ್ಲಿ ಅದು ಸೇರಿತು.

ಅರ್ಥದ ವಿಷಯದಲ್ಲಿ ನಮ್ಮ ಅನುವಾದವೂ ಸ್ವಲ್ಪ ದಾರಿ ತಪ್ಪಿಸಿದೆ. ‘ಸಮರ್ಥ’ ಎಂದರೆ ನಮಗೆ ಬಲವುಳ್ಳವನೇ ನೆನಪಾಗುತ್ತಾನೆ. ಮೂಲದ ‘ಫಿಟೆಸ್ಟ್’ ಎಂಬ ಇಂಗ್ಲಿಷ್ ಪದವಾದರೋ ತಾನಿರುವ ಪರಿಸರಕ್ಕೆ ಒಗ್ಗಿದ್ದು ಎಂಬುದನ್ನು ಸೂಚಿಸುತ್ತದೆ. ಉಳಿಯುವುದು ಉತ್ತಮವಾದದ್ದೇ ಆಗಬೇಕಿಲ್ಲ, ಬಲಿಷ್ಠವಾದದ್ದೇ ಆಗಬೇಕಿಲ್ಲ ಎಂದು ಸ್ಪೆನ್ಸರರೇ ಮುಂದೆ ಸ್ಪಷ್ಟಪಡಿಸಿದರು.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ಅವರ ಸಮಾಜಚಿಂತನೆ ಡಾರ್ವಿನ್ನರಿಂದ ಹುಟ್ಟಿದ್ದಲ್ಲ. 1820ರಲ್ಲಿ ಡರ್ಬಿಯಲ್ಲಿ ಜನಿಸಿ, ಯೌವನದಲ್ಲಿ ರೈಲುಮಾರ್ಗದ ಇಂಜಿನಿಯರಾಗಿದ್ದ ಅವರು ಸಮಾಜವನ್ನು ಕುರಿತ ತಮ್ಮ ಮೊದಲ ಗ್ರಂಥವನ್ನು 1851ರ ಹೊತ್ತಿಗೇ ಹೊರತಂದಿದ್ದರು. ಒಂದೇ ಬಗೆಯ ಸರಳ ಅಂಶಗಳಿಂದ ಕೂಡಿದ್ದು ಕ್ರಮೇಣ ಬೇರೆಬೇರೆ ಕೆಲಸಗಳನ್ನು ಹಂಚಿಕೊಂಡ, ಪರಸ್ಪರ ಅವಲಂಬಿಸಿದ ಅಂಗಗಳಾಗಿ ಬೆಳೆಯುತ್ತದೆ ಎಂಬ ನಿಯಮ ಭ್ರೂಣಕ್ಕೆ ಹೇಗೋ ಸಮಾಜಕ್ಕೂ ಹಾಗೆಯೇ ಅನ್ವಯಿಸುತ್ತದೆಂದು ಅವರು ನಂಬಿದ್ದರು. ಜೀವಿಯೊಂದು ಬಾಳಿನಲ್ಲಿ ರೂಢಿಸಿಕೊಂಡ ಗುಣ ಸಂತತಿಗೆ ಇಳಿಯುತ್ತದೆ ಎಂಬ ಫ್ರೆಂಚ್ ವಿಜ್ಞಾನಿ ಲಾಮಾರ್ಕನ ವಾದವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಹಾಗಾಗಿ ಡಾರ್ವಿನ್ನರ ತತ್ತ್ವವನ್ನು ಸಮಾಜಕ್ಕೆ ಅನ್ವಯಿಸಿದರೆಂಬ ಅರ್ಥದಲ್ಲಿ ಅವರಿಗೆ ಅಂಟಿಸುವ ‘ಸಾಮಾಜಿಕ ಡಾರ್ವಿನ್‌ವಾದ’ ಎಂಬ ಹೆಸರು ನನಗೆ ಸರಿಯೆನಿಸುವುದಿಲ್ಲ.

ಇಷ್ಟರಿಂದಲೇ ಸ್ಪೆನ್ಸರರನ್ನು ದೋಷಮುಕ್ತರೆನ್ನಲಾಗದು. ಸರ್ಕಾರವು ತೆರಿಗೆ ಎತ್ತಿ ಬಡವರನ್ನು ಪೋಷಿಸುವ ಕಾನೂನನ್ನು ಅವರು 1851ರಲ್ಲಿಯೇ ಕಟುವಾಗಿ ವಿರೋಧಿಸಿದರು. ದುರ್ಬಲರ ಸಂಕಟವನ್ನು ಒಟ್ಟು ಸಮಾಜದ ಹಿತಕ್ಕಾಗಿ ನಡೆಯುವ ಶಿಸ್ತೆಂಬಂತೆ ಬಣ್ಣಿಸಿದ ಅಲ್ಲಿನ ಪುಟಗಳನ್ನು ಇಂದು ಓದುವಾಗ ಮನಸ್ಸು ನೋಯುತ್ತದೆ. ಖಾಸಗಿ ದಾನವನ್ನು ಅವರು ಒಪ್ಪಿದ್ದರೆಂಬುದು ನಿಜ, ಆದರೆ ಹಸಿದವನ ಪಾಲಿಗೆ ಅನ್ನವು ಹಕ್ಕಾಗಿ ಸಿಗುವುದಕ್ಕೂ ಮತ್ತೊಬ್ಬರ ಕೃಪೆಯಿಂದ ಸಿಗುವುದಕ್ಕೂ ಬಹಳ ಅಂತರವಿದೆ.

ಸರ್ಕಾರದ ಬಲಪ್ರಯೋಗದ ಮೇಲಿದ್ದ ಅದೇ ಅಪನಂಬಿಕೆ ಅವರನ್ನು ಸಾಮ್ರಾಜ್ಯಶಾಹಿಯ ವಿರೋಧಿಯನ್ನಾಗಿಯೂ ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟನ್ ನಡೆಸಿದ ಬೋಯರ್ ಯುದ್ಧವನ್ನು ಅವರು ಖಂಡಿಸಿದರು. 1903ರಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದಿದ್ದ ಭಾರತೀಯ ರಾಷ್ಟ್ರವಾದಿ ಶ್ಯಾಮಜಿ ಕೃಷ್ಣವರ್ಮರು, ಆಕ್ಸ್‌ಫರ್ಡಿನಲ್ಲಿ ಅವರ ಹೆಸರಿನ ಉಪನ್ಯಾಸಕ್ಕೆಂದು 1,000 ಪೌಂಡುಗಳನ್ನು ಘೋಷಿಸಿದರು. 1905ರಲ್ಲಿ ಲಂಡನ್ನಿನಿಂದ ಭಾರತದ ಸ್ವಾತಂತ್ರ್ಯಕ್ಕಾಗಿ ಕೃಷ್ಣವರ್ಮರು ಆರಂಭಿಸಿದ ಪತ್ರಿಕೆಯ ಧ್ಯೇಯವಾಕ್ಯವೂ, ಆಕ್ರಮಣವನ್ನು ಪ್ರತಿರೋಧಿಸುವುದು ಕರ್ತವ್ಯವೆಂಬ ಸ್ಪೆನ್ಸರರ ಮಾತೇ ಆಗಿತ್ತು.