ಅಮ್ಮ ಫೋನ್ ಕಡೆ ನೋಡುವುದೇ ಇಲ್ಲ, ವಿಡಿಯೋ ಕರೆಯಲ್ಲಿ ಡಾಕ್ಟರ್ ಏನು ನೋಡುತ್ತಾರೆ?

ಪ್ರಶ್ನೆ: ಅಮ್ಮನಿಗೆ 74 ವರ್ಷ, ಡಿಮೆನ್ಶಿಯಾ ಅಂದ್ರೆ ಮರೆವಿನ ಕಾಯಿಲೆ ಇದೆ. ಪ್ರತಿ ಸಲ ಸಾಗರದಿಂದ ಬೆಂಗಳೂರಿಗೆ ಕರೆದುಕೊಂಡು ಹೋಗೋಕೆ ಆಗ್ತಿಲ್ಲ. ಇನ್ಮೇಲೆ ವಿಡಿಯೋ ಕರೆ ಸಾಕು ಅಂತಾರೆ ಡಾಕ್ಟರ್. ಆದ್ರೆ ಅಮ್ಮ ಫೋನ್ ಕಡೆ ತಿರುಗಿಯೂ ನೋಡಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ದಂಡ ಅಲ್ಲ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಊರು ಬದಲಾಗುತ್ತದೆ, ಅಮ್ಮನ ಜಾಗಕ್ಕೆ ಅಪ್ಪ ಬರುತ್ತಾರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಬೇರು ಸಮೇತ ಕಿತ್ತುಬಿಡೋಣ.

ರೋಗಿ ಕ್ಯಾಮೆರಾ ಮುಂದೆ ಕೂತು ಮಾತಾಡಿದರೆ ಮಾತ್ರ ಅದು ಚಿಕಿತ್ಸೆ ಅಂತ ನಾವೆಲ್ಲ ನಂಬಿದ್ದೇವೆ. ಹೊಟ್ಟೆನೋವಿಗೆ ಆ ಮಾತು ಸರಿ. ಮರೆವಿನ ಕಾಯಿಲೆಯಲ್ಲಿ ಡಾಕ್ಟರಿಗೆ ಬೇಕಾದ ವಿಷಯ ಅಮ್ಮನ ಬಾಯಿಂದ ಬರುವುದಿಲ್ಲ. ರಾತ್ರಿ ಎಷ್ಟು ಸಲ ಎದ್ದರು? ಊಟ ಮಾಡಿದ್ದು ಮರೆತು ಮತ್ತೆ ಕೇಳಿದರಾ? ಸಂಜೆಯಾದರೆ ಸ್ವಂತ ಮನೆಯಲ್ಲೇ ಕೂತು "ಮನೆಗೆ ಹೋಗೋಣ" ಅನ್ನುತ್ತಾರಾ? ಆಸ್ಪತ್ರೆಗೇ ಹೋದರೂ ಇದನ್ನೆಲ್ಲ ಹೇಳುವವರು ನೀವೇ ತಾನೆ?

ಅಷ್ಟೇ ಅಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಗ್ಗೆ ಸಾಲಿನಲ್ಲಿ ಕಾದು ಒಳಗೆ ಬರುವ ಅಮ್ಮ ನಿಮ್ಮ ದಿನನಿತ್ಯದ ಅಮ್ಮ ಅಲ್ಲ. ನಿದ್ದೆಗೆಟ್ಟು, ಹೊಸ ಜಾಗಕ್ಕೆ ಹೆದರಿ ಮಂಕಾಗಿರುತ್ತಾರೆ, ಇಲ್ಲವೇ ರೇಗುತ್ತಾರೆ. ಮನೆಯಲ್ಲಾದರೆ ತಮ್ಮ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿರುತ್ತಾರೆ. ಏಳುವಾಗ ಏನು ಹಿಡಿಯುತ್ತಾರೆ, ಕೈ ನಡುಗುತ್ತದಾ, ಹೊಸ್ತಿಲು ಹೇಗೆ ದಾಟುತ್ತಾರೆ, ಎಲ್ಲವೂ ಕಾಣುತ್ತದೆ. ಬಚ್ಚಲಿನ ನುಣುಪು ನೆಲವೂ ಕಾಣುತ್ತದೆ. ಮಾತ್ರೆ ಡಬ್ಬಿಯನ್ನು ಕ್ಯಾಮೆರಾ ಮುಂದೆ ಸುರಿಯಿರಿ. ಅಂಗಡಿಯಲ್ಲಿ ಕೇಳಿ ತಂದ ಶೀತದ ಮಾತ್ರೆ ಅಲ್ಲಿ ಸಿಗಬಹುದು. ಅಂಥವು ಕೆಲವು ಗೊಂದಲವನ್ನು ಜಾಸ್ತಿ ಮಾಡುತ್ತವೆ.

ಇದು ಬರೀ ನನ್ನ ನಂಬಿಕೆ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 'ಕೇರ್ ಇಕೋಸಿಸ್ಟಮ್' ಅನ್ನುವ ವ್ಯವಸ್ಥೆ ಶುರುವಾಯಿತು. ವಿಡಿಯೋ ಕೂಡ ಅಲ್ಲ, ಹೆಚ್ಚಾಗಿ ಬರೀ ಫೋನ್. ತರಬೇತಿ ಪಡೆದ ಒಬ್ಬರು ಮನೆಯವರಿಗೆ ಆಗಾಗ ಕರೆ ಮಾಡುತ್ತಿದ್ದರು. ಅವರು ಡಾಕ್ಟರ್ ಅಲ್ಲ. ಅವರ ಹಿಂದೆ ನರ್ಸ್, ಸಮಾಜ ಕಾರ್ಯಕರ್ತರು, ಔಷಧ ತಜ್ಞರು ಇರುತ್ತಿದ್ದರು. ರೋಗಿ ಮತ್ತು ನೋಡಿಕೊಳ್ಳುವವರು ಸೇರಿದ 780 ಜೋಡಿಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಈ ಆರೈಕೆ ಸಿಕ್ಕ ರೋಗಿಗಳ ಬದುಕಿನ ಗುಣಮಟ್ಟ ಉಳಿದವರಿಗಿಂತ ಚೆನ್ನಾಗಿತ್ತು, ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡುವುದು ಕಡಿಮೆಯಿತ್ತು. ನೋಡಿಕೊಳ್ಳುವವರ ಖಿನ್ನತೆಯೂ ಇಳಿಯಿತು. ಆ ರೋಗಿಗಳು ಫೋನ್ ಹಿಡಿದು ಮಾತಾಡಬೇಕು ಅಂತ ಯಾರೂ ಕಾಯಲಿಲ್ಲ.

ನಮ್ಮ ನಿಯಮವೂ ಇದನ್ನು ಒಪ್ಪುತ್ತದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಓದಿ. ರೋಗಿಯ ಪರವಾಗಿ ನೋಡಿಕೊಳ್ಳುವವರು ಡಾಕ್ಟರ್ ಜೊತೆ ಮಾತಾಡಬಹುದು ಅನ್ನುವಲ್ಲಿ ಉದಾಹರಣೆಯಾಗಿ ಡಿಮೆನ್ಶಿಯಾದ ಹೆಸರನ್ನೇ ಬರೆದಿದ್ದಾರೆ. ಇನ್ನೇನು ಬೇಕು?

ಕಾಯಿಲೆಯನ್ನು ಮೊದಲ ಸಲ ಗುರುತಿಸುವಾಗ ಮಾತ್ರ ಆಸ್ಪತ್ರೆಗೆ ಹೋಗಲೇಬೇಕು. ಥೈರಾಯ್ಡ್, ಬಿ12 ರಕ್ತ ಪರೀಕ್ಷೆ, ಮೆದುಳಿನ ಸ್ಕ್ಯಾನ್ ಫೋನಿನಲ್ಲಿ ಆಗುವುದಿಲ್ಲ. ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಅಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಮೆದುಳು ಆರೋಗ್ಯ ಕ್ಲಿನಿಕ್ ಶುರುವಾಗಿವೆ, ಮೊದಲು ಅಲ್ಲಿ ವಿಚಾರಿಸಿ. ಇನ್ನೊಂದು ಮಾತು. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ತೀರಾ ಗೊಂದಲಕ್ಕೆ ಬಿದ್ದರೆ ವಿಡಿಯೋ ಕರೆಗೆ ಕಾಯಬೇಡಿ. ಮೂತ್ರದ ಸೋಂಕು ಇರಬಹುದು, ಪಾರ್ಶ್ವವಾಯು ಇರಬಹುದು. ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ.

ಕರೆಯನ್ನು ಬೆಳಗಿನ ತಿಂಡಿಯ ನಂತರ ಇಟ್ಟುಕೊಳ್ಳಿ. ಸಂಜೆ ಬೇಡ, ಹಲವರಿಗೆ ಗೊಂದಲ ಹೆಚ್ಚುವುದು ಆಗಲೇ. ಪರದೆಯ ಮೂಲೆಯಲ್ಲಿ ತಮ್ಮದೇ ಮುಖ ಕಂಡು "ಯಾರದು?" ಅಂತ ಗಾಬರಿಯಾಗುವವರಿದ್ದಾರೆ, ಅದನ್ನು ಮರೆಮಾಡಿ. ಸಂಜೆಯ ಗಲಾಟೆಯನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡರೆ ಡಾಕ್ಟರಿಗೆ ತೋರಿಸಬಹುದು.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕರೆಯಲ್ಲಿ ಯಾರು ಮಾತಾಡಬೇಕು? ನಾನು ಕಂಡ ಮನೆಗಳಲ್ಲಿ ಹೆಚ್ಚಾಗಿ ಉತ್ತರ ಕೊಡುವವನು ಮಗ. ರಾತ್ರಿ ಎರಡು ಗಂಟೆಗೆ ಎದ್ದು ಅತ್ತೆಯ ಒದ್ದೆ ಸೀರೆ ಬದಲಿಸುವ ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾಳೆ. "ನಿದ್ದೆ ಪರವಾಗಿಲ್ಲ ಡಾಕ್ಟ್ರೇ" ಅಂತ ಮಗ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಗೊತ್ತೇ ಇಲ್ಲ. ಆ ಉತ್ತರದ ಮೇಲೆ ಮಾತ್ರೆ ನಿರ್ಧಾರವಾಗುತ್ತದೆ.

ಫೋನ್ ಅವಳ ಕೈಗೆ ಕೊಡಿ. ಕೊನೆಯ ಹತ್ತು ನಿಮಿಷ ಅತ್ತೆಗೆ ಕೇಳಿಸದ ಹಾಗೆ ಬೇರೆ ಕೋಣೆಯಲ್ಲಿ ಅವಳು ಮಾತಾಡಲಿ. ಹಾಸಿಗೆ ಒದ್ದೆಯಾಗುವ ವಿಷಯವನ್ನು ಆ ಹಿರಿಯರ ಎದುರಿಗೇ ಹೇಳುವುದು ಅವರಿಗೂ ನೋವು. ಅವಳಿಗೇ ಸಾಕಾಗಿಹೋಗಿದ್ದರೆ, ಮುಂದಿನ ಕರೆಯ ತನಕ ಕಾಯಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.