ಸಸಿ ತರುವ ಮುಂಚೆ ಬೊಡ್ಡೆ ಎಣಿಸಿ

ಬೋಳುಗುಡ್ಡದಲ್ಲಿ ಮತ್ತೆ ಕಾಡು ಬೆಳೆಸೋಣ ಎಂದು ಊರವರು ಸೇರಿದರೆ ಮೊದಲು ಏಳುವ ಮಾತು, "ಎಷ್ಟು ಸಾವಿರ ಸಸಿ ಸಿಗ್ತಾವೆ?" ಚಿತ್ರದುರ್ಗದ ಸುತ್ತಲಿನ ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ಜಗಳೂರು ಒಣಸೀಮೆಯಲ್ಲಿ ಇದು ಕಡೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನಾಲ್ಕು ಜನ ಸುಣ್ಣದ ಡಬ್ಬಿ ಹಿಡಿದು ಗುಡ್ಡ ಸುತ್ತಿ, ಜೀವ ಇರುವ ಬೊಡ್ಡೆಗಳಿಗೆಲ್ಲ, ಅಂದರೆ ಕಡಿದ ಮರದ ಉಳಿದ ಬುಡಗಳಿಗೆಲ್ಲ, ಗುರುತು ಹಾಕಿ ಬರಬೇಕು. ಮೊಣಕಾಲೆತ್ತರ ಮೀರದೆ ಪೊದೆಯಂತೆ ಕೂತಿರುವ ಕಮರ, ದಿಂಡಿಗ, ತುಗ್ಗಲಿ ಎಷ್ಟೋ ಕಡೆ ಎಳೆಗಿಡಗಳಲ್ಲ. ಸೌದೆಗೆ ಕಡಿಸಿಕೊಂಡು, ಆಡಿನ ಬಾಯಿಗೆ ಸಿಕ್ಕು ಮೇಲೇಳಲಾಗದೆ ಉಳಿದ ಮರಗಳು. ಅವುಗಳ ಬೇರು ಬಂಡೆಯ ಸೀಳಿನಲ್ಲಿ ಆಗಲೇ ಇಳಿದಿದೆ. ಹೊಸ ಸಸಿಗೆ ಅಷ್ಟು ಬೇರು ಬರಲು ಎಷ್ಟು ಬೇಸಿಗೆ ದಾಟಬೇಕೋ!

ಚಿಗುರೊಡೆಯುವ ಮುಂಚೆ, ಫೆಬ್ರವರಿಯೊಳಗೆ, ಅಂಥ ಪೊದೆಯಲ್ಲಿ ನೆಟ್ಟಗಿರುವ ಒಂದೆರಡು ಕುಡಿ ಉಳಿಸಿ ಮಿಕ್ಕದ್ದನ್ನು ಹರಿತವಾದ ಮಚ್ಚಿನಿಂದ ಓರೆಯಾಗಿ ಕತ್ತರಿಸಬೇಕು. ಉಳಿಸುವ ಕುಡಿ ನೆಲಮಟ್ಟದಲ್ಲೇ ಹೊರಟಿರಬೇಕು. ಹಳೆ ಬೊಡ್ಡೆಯ ನೆತ್ತಿಯಿಂದ ಬಂದ ಕುಡಿ ಬೇಗ ಎತ್ತರವಾಗುತ್ತದೆ, ಆದರೆ ಬೊಡ್ಡೆ ಕೊಳೆತ ಮೇಲೆ ಗಾಳಿಗೆ ಬುಡಸಮೇತ ಸಿಗಿದು ಬೀಳುತ್ತದೆ. ಮೊಂಡು ಮಚ್ಚಿನಿಂದ ಜಜ್ಜಿದರೆ ತೊಗಟೆ ಸುಲಿದು ಗಾಯಕ್ಕೆ ನೀರಿಳಿಯುತ್ತದೆ. ಅರಣ್ಯ ಇಲಾಖೆಯ ಜಾಗವಾದರೆ ಮಚ್ಚು ಮುಟ್ಟುವ ಮುನ್ನ ಅನುಮತಿ ಬೇಕು. ಗ್ರಾಮ ಅರಣ್ಯ ಸಮಿತಿಯ ವ್ಯವಸ್ಥೆ ಕರ್ನಾಟಕದಲ್ಲಿ 1993ರಿಂದಲೂ ಇದೆ. ಅದರ ಮೂಲಕ ಹೋಗುವುದೇ ಸರಿ. ಗೋಮಾಳವಾದರೆ ಪಹಣಿ ತೆಗೆಸಿ, ಅಳತೆ ಮಾಡಿಸಿ ಗಡಿ ಗುರುತಿಸುವ ಹದ್ದುಬಸ್ತು ಮಾಡಿಸಿ. ಗುಂಡಿ ತೋಡಿದ ಮೇಲೆ ಒತ್ತುವರಿ ಜಗಳ ಬಂದರೆ ಗಿಡವೂ ಇಲ್ಲ, ಊರಿನ ಒಗ್ಗಟ್ಟೂ ಇಲ್ಲ.

ಇದಾದ ಮೇಲೆ ಆಡು-ಕುರಿಯ ಮಾತು. ಮುಳ್ಳುತಂತಿಗೆ ದುಡ್ಡು ಸುರಿಯುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಆಡು-ಕುರಿ ಸಾಕುವ ಹಟ್ಟಿಯವರನ್ನು ಕೇಳದೆ ಎಳೆದ ತಂತಿ ಮೊದಲ ಬೇಸಿಗೆಯಲ್ಲೇ ತುಂಡಾಗುತ್ತದೆ, ಅದರಲ್ಲಿ ಅವರ ತಪ್ಪೂ ಇಲ್ಲ: ಮೇವು ಎಲ್ಲಿಂದ ತರಬೇಕು? ಗುಡ್ಡವನ್ನು ಮೂರು ಪಾಲು ಮಾಡಿ ಒಂದನ್ನು ಮಾತ್ರ ಮುಚ್ಚಿ. ಕುಡಿಗಳು ಆಡಿನ ಬಾಯಿಗೆ ನಿಲುಕದಷ್ಟು, ಅಂದರೆ ಆಳೆತ್ತರ ಮೀರಿದ ಮೇಲೆ ಅದನ್ನು ಬಿಟ್ಟು ಮುಂದಿನ ಪಾಲಿಗೆ ಹೋಗಿ. ಮುಚ್ಚಿದ ಪಾಲಿನಲ್ಲಿ ಮೇಯಿಸುವಂತಿಲ್ಲ, ಹುಲ್ಲು ಕೊಯ್ದು ಹೊತ್ತೊಯ್ಯಬಹುದು. ಮಳೆ ಕೈಕೊಡದಿದ್ದರೆ ಎರಡನೇ ವರ್ಷಕ್ಕೇ ಅಲ್ಲಿ ಹುಲ್ಲು ಎದ್ದು ಕಾಣುತ್ತದೆ. ಜನರನ್ನು ಹಿಡಿದಿಡುವುದು ಮರವಲ್ಲ, ಆ ಹುಲ್ಲು. ಕಾವಲುಗಾರನನ್ನು ಕುರಿ ಸಾಕುವ ಮನೆಯಿಂದಲೇ ಆರಿಸಿ. ಯಾರ ಮಂದೆ ಯಾವ ಹೊತ್ತಿಗೆ ಎಲ್ಲಿ ನುಗ್ಗುತ್ತದೆಂದು ಅವನಿಗೆ ಗೊತ್ತಿರುತ್ತದೆ.

ಈಗ ಸಸಿ. ಬೊಡ್ಡೆ ಇಲ್ಲದ ಖಾಲಿ ಜಾಗಕ್ಕೆ ಮಾತ್ರ. 4 ಮೀಟರ್ ಅಂತರದಲ್ಲಿ ಲೆಕ್ಕ ಹಾಕಿದರೆ ಎಕರೆಗೆ ಸುಮಾರು 250 ಗಿಡ. ಅದರಲ್ಲಿ ನೂರು ಜೀವಂತ ಬೊಡ್ಡೆ ಸಿಕ್ಕರೆ ಮಿಕ್ಕ ನೂರೈವತ್ತರಲ್ಲೂ ಬಂಡೆಯ ಜಾಗ ಕಳೆದು ನೂರು ಸಸಿ ಸಾಕು. ಗುಂಡಿ ಏಪ್ರಿಲ್‌-ಮೇನಲ್ಲೇ ಆಗಬೇಕು: ಮಣ್ಣು ಆಳವಿರುವಲ್ಲಿ ಒಂದೂವರೆ ಅಡಿ ಚೌಕ, ಅಷ್ಟೇ ಆಳ, ಗರಸು ನೆಲದಲ್ಲಿ ಎರಡು ಅಡಿ. ಮೇಲ್ಮಣ್ಣು ಒಂದು ಕಡೆ, ಅಡಿಮಣ್ಣು ಇನ್ನೊಂದು ಕಡೆ ಹಾಕಿ, ತುಂಬುವಾಗ ಮೇಲ್ಮಣ್ಣನ್ನು ಬೇರಿನ ಬಳಿಗೆ ಕೊಡಿ. ಗುಂಡಿಯ ಮೇಲ್ಭಾಗದ ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ, 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಟ್ರೆಂಚ್ ತೋಡಿದರೆ ಒಂದು ಸಲ ತುಂಬಿದಾಗ 1,000 ಲೀಟರ್ ನೀರು ನಿಲ್ಲುತ್ತದೆ. ಕಣ್ಣಳತೆಯಲ್ಲಿ ತೋಡಬೇಡಿ. ಒಂದು ತುದಿ ಗೇಣು ತಗ್ಗಾದರೂ ನೀರು ಅಲ್ಲೇ ಒಡೆದುಕೊಂಡು ಕೊರಕಲು ಬೀಳುತ್ತದೆ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಲು ಊರಿನ ಗಾರೆಯವರು ಸಾಕು.

ನೆಡುವ ದಿನದ ವಿಷಯದಲ್ಲಿ ನಮ್ಮ ಸೀಮೆ ಹೆಚ್ಚು ಸೋಲುತ್ತದೆ. ವನಮಹೋತ್ಸವ 1950ರಿಂದ ಜುಲೈ ಮೊದಲ ವಾರದಲ್ಲಿ ನಡೆಯುತ್ತಿದೆ. ಮಲೆನಾಡಿಗೆ ಅದು ಹೊಂದುತ್ತದೆ. ಇಲ್ಲಿ ಆಗ ಮೋಡ ಓಡುತ್ತದೆ, ಮಳೆ ಬೀಳುವುದಿಲ್ಲ, ಗಾಳಿ ಮಾತ್ರ ಹಗಲಿರುಳು ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ಆ ಗಾಳಿ ಎಲೆಯ ತೇವ ಹೀರುವ ವೇಗಕ್ಕೆ ಹೊಸ ಬೇರು ನೀರು ಒದಗಿಸಲಾರದು. ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ನಂಬುವ ಮಳೆ ಸೆಪ್ಟೆಂಬರ್-ಅಕ್ಟೋಬರಿನದು. ಆದ್ದರಿಂದ ಪುಬ್ಬೆ, ಉತ್ತರೆ ಮಳೆಗೆ ನೆಡುವುದು ಮೇಲು. ಕ್ಯಾಲೆಂಡರಿಗಿಂತ ಹಾರೆ ಒಳ್ಳೆಯ ಸಾಕ್ಷಿ: ಒಂದು ಅಡಿ ಕೆಳಗಿನ ಮಣ್ಣು ತೆಗೆದು ಹಿಡಿಯಿರಿ, ಉಂಡೆ ನಿಂತರೆ ನೆಡಿ, ಉದುರಿದರೆ ಕಾಯಿರಿ.

ಸಸಿ 8×12 ಇಂಚಿನ ಚೀಲದ್ದಾದರೆ ಚೆನ್ನ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಚೀಲ ಸಮೇತ ತಳವನ್ನು ಒಂದು ಬೆರಳಗಲ ಕತ್ತರಿಸಿ ಬಿಸಾಡಿ. ಸುತ್ತಿದ ಬೇರು ನೆಲ ಸೇರಿದ ಮೇಲೂ ಸುತ್ತುತ್ತಲೇ ಇರುತ್ತದೆ. ಬೇವು, ಹೊಂಗೆ, ಹುಣಸೆ ಸಸಿಯಾಗಿ ಬರುತ್ತವೆ. ಕಮರ ಹಾಗಲ್ಲ. ಅದರ ತಾಯಿಬೇರು ಬಹಳ ಬೇಗ ಆಳಕ್ಕೆ ಇಳಿಯುವುದರಿಂದ ಚೀಲದಲ್ಲೇ ಹಾಳಾಗುತ್ತದೆ. ಬೀಜವನ್ನೇ ಗುಂಡಿಗೆ ಮೂರು ಮೂರರಂತೆ ಬಿತ್ತಿ. ಬೇವಿನ ಬೀಜ ಎರಡು-ಮೂರು ವಾರದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಕೂಡಿಟ್ಟು ಆಮೇಲೆ ಹಾಕಿದರೆ ದಂಡ. ಕರಿಜಾಲಿ ಬೀಜಕ್ಕೆ ಆಡಿನ ರೊಪ್ಪವೇ ಒಳ್ಳೆಯ ಕಾರ್ಖಾನೆ: ಮೆಲುಕು ಹಾಕುವಾಗ ಆಡು ಉಗುಳಿದ ಬೀಜ ಬೇಗ ಮೊಳೆಯುತ್ತದೆ. ಆದರೆ ಅದೇ ರೊಪ್ಪದ ಹಸಿ ಗೊಬ್ಬರ ಗುಂಡಿಗೆ ಹಾಕಿದರೆ ಎಲ್ಲೆಡೆ ಹಬ್ಬುವ ಮುಳ್ಳುಕಳೆ ಬಳ್ಳಾರಿ ಜಾಲಿಯೂ ಜೊತೆಗೇ ಬರುತ್ತದೆ, ಅದನ್ನು ಮತ್ತೆ ಕೀಳುವುದು ಮೂರು ಪಟ್ಟು ಕೆಲಸ. ಪೂರ್ತಿ ಕಳಿತ ಗೊಬ್ಬರವನ್ನಷ್ಟೇ ಹಾಕಿ. ಬಂದರಿಕೆ, ತಂಗಡಿ ಪೊದೆಗಳನ್ನು ಸ್ವಚ್ಛ ಮಾಡುತ್ತೇವೆಂದು ಕಡಿಯಬೇಡಿ. ಆಡು ಅಷ್ಟಾಗಿ ಮುಟ್ಟದ ಗಿಡಗಳವು, ಅವುಗಳ ಮರೆಯಲ್ಲಿ ಎಳೆಸಸಿಗೆ ಗಾಳಿಯೂ ತಪ್ಪುತ್ತದೆ.

ಬುಡಕ್ಕೆ ಹುಲ್ಲಿನ ಹೊದಿಕೆ ಹಾಕಿದರೆ ಗೆದ್ದಲು ಕರೆದಂತೆ. ಗುಡ್ಡದಲ್ಲಿ ಕಲ್ಲಿಗೇನು ಬರವೇ? ಅಂಗೈಯಗಲದ ಚಪ್ಪಟೆ ಕಲ್ಲುಗಳನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತ ಹಾಸಿ. ನೀರಿನ ಲೆಕ್ಕ ಮೊದಲೇ ಆಗಲಿ: 10 ಎಕರೆಗೆ 1,000 ಸಸಿ, ಸಸಿಗೆ 15 ಲೀಟರ್, ಅಂದರೆ ಒಂದು ಸುತ್ತಿಗೆ 5,000 ಲೀಟರಿನ ಮೂರು ಟ್ಯಾಂಕರ್. ಡಿಸೆಂಬರಿನಿಂದ ಮೇವರೆಗೆ ಮೂರು ವಾರಕ್ಕೊಮ್ಮೆ ಕೊಟ್ಟರೆ ಎಂಟು ಸುತ್ತು, 24 ಟ್ಯಾಂಕರ್. ಇಷ್ಟು ಹೊಂದಿಸಲಾಗದಿದ್ದರೆ ಸಸಿ ಅರ್ಧ ಮಾಡಿ, ನೀರು ಅರ್ಧ ಮಾಡಬೇಡಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಶಿವರಾತ್ರಿಗೆ ಮುಂಚೆ ಸುತ್ತಲೂ ಹತ್ತು ಅಡಿ ಅಗಲ ಹುಲ್ಲು ಕೆತ್ತಿ ಬೆಂಕಿದಾರಿ ಮಾಡಿಕೊಳ್ಳಿ.

ಮರವಿಲ್ಲದ ನೆಲವೆಲ್ಲ ಕಡಿದ ಕಾಡಲ್ಲ ಎಂಬುದೂ ಗೊತ್ತಿರಲಿ. ಚಳ್ಳಕೆರೆಯ ಅಮೃತಮಹಲ್ ಕಾವಲು ಹುಲ್ಲುಗಾವಲಾಗಿಯೇ ಬಾಳಿದ ನೆಲ, ಕೃಷ್ಣಮೃಗಗಳ ಬಯಲು. ಅಲ್ಲಿ ಗುಂಡಿ ತೋಡಿ ಗಿಡ ನೆಟ್ಟರೆ ಇದ್ದದ್ದೂ ಹಾಳು. ಬೊಡ್ಡೆಯ ಗುರುತೂ ಇಲ್ಲ, ಹಳಬರ ನೆನಪಿನಲ್ಲೂ ಮರವಿಲ್ಲ ಎಂದಾದರೆ ಆ ಜಾಗ ಬಿಡಿ.

ಬದುಕಿದ ಸಸಿಗಳನ್ನು ಎಣಿಸುವುದು ದೀಪಾವಳಿಗಲ್ಲ. ಆಗ ಎಲ್ಲವೂ ಹಸಿರಾಗೇ ಕಾಣುತ್ತವೆ. ಮೊದಲ ಬೇಸಿಗೆ ದಾಟಿ, ಮುಂಗಾರಿನ ಒಂದೆರಡು ಹದಮಳೆ ಬಿದ್ದ ಮೇಲೆ ಎಣಿಸಿ. ಒಣಗಿದಂತೆ ಕಂಡದ್ದನ್ನು ಕೀಳುವ ಮುನ್ನ ಬುಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ. ನಿಜಕ್ಕೂ ಸತ್ತ ಗುಂಡಿಗೆ ಅದೇ ಜಾತಿಯ ಸಸಿ ತುಂಬಬೇಡಿ, ಪಕ್ಕದ ಗುಂಡಿಯಲ್ಲಿ ಯಾವುದು ಬದುಕಿದೆಯೋ ಅದನ್ನು ಹಾಕಿ.